ವಿಧಾನಸಭಾ ಸಮೀಕ್ಷೆ: ಮತದಾರರ ಪಟ್ಟಿಯಿಂದ ಸೀಟಿನ ಲೆಕ್ಕದವರೆಗೆ

ಕರ್ನಾಟಕದ ಜನಾಭಿಪ್ರಾಯ ತಿಳಿಯಲು 224 ಕ್ಷೇತ್ರಗಳನ್ನೂ ಸುತ್ತಬೇಕಿಲ್ಲ. ನಾನು 40 ಕ್ಷೇತ್ರ ಆರಿಸುತ್ತೇನೆ; ಮತದಾರರು ಹೆಚ್ಚಿದ್ದಷ್ಟೂ ಆ ಕ್ಷೇತ್ರ ಆಯ್ಕೆಯಾಗುವ ಅವಕಾಶ ಹೆಚ್ಚು. ಕ್ಷೇತ್ರಕ್ಕೆ 4 ಮತಗಟ್ಟೆ, ಮತಗಟ್ಟೆಗೆ 25 ಹೆಸರು, ಒಟ್ಟು 4,000.

ಹೆಸರು ತೆಗೆಯುವುದು ಮತದಾರರ ಪಟ್ಟಿಯಿಂದಲೇ. ಪಟ್ಟಿಯಲ್ಲಿ 1,100 ಹೆಸರಿದ್ದರೆ 25ರಿಂದ ಭಾಗಿಸಿ, 44 ಬರುತ್ತದೆ. 1ರಿಂದ 44ರೊಳಗೆ ಚೀಟಿ ಎತ್ತಿ. 17 ಬಂದರೆ 17, 61, 105, 149, ಹೀಗೆ ಕೊನೆಯವರೆಗೆ.

ಕೆಲಸ ಕೆಡುವುದು ಮನೆ ಬಾಗಿಲಲ್ಲಿ. ಪಟ್ಟಿಯಲ್ಲಿರುವಾಕೆ ಕೂಲಿಗೆ ಹೋಗಿರುತ್ತಾಳೆ, ಪಕ್ಕದ ಮನೆಯವರು ಜಗಲಿಯಲ್ಲೇ ಕೂತಿರುತ್ತಾರೆ. ಅವರನ್ನು ಕೇಳಿ ಫಾರಂ ತುಂಬಿದರೆ ಹಗಲಲ್ಲಿ ಮನೆಯಲ್ಲಿ ಸಿಗುವವರ ಮಾತಷ್ಟೇ ದಾಖಲಾಗುತ್ತದೆ. ಬದಲಿ ಹೆಸರು ಬೇಡವೇ ಬೇಡ. ಸಂಜೆ ಮತ್ತೆ ಹೋಗಿ, ಮೂರು ಸಲವಾದರೂ. ತೀರಿಕೊಂಡವರು, ಊರು ಬಿಟ್ಟವರು ಕಳೆದು 2,400 ಜನ ಸಿಕ್ಕರೆ ನನಗೆ ಸಾಕು. ಬೆಂಗಳೂರಿನ ಬಾಡಿಗೆ ಮನೆಗಳಲ್ಲಿ ಅಷ್ಟೂ ಸಿಗುವುದು ಕಷ್ಟ.

ಯಾರಿಗೆ ಓಟು ಎಂದು ಬಾಯಿಬಿಟ್ಟು ಕೇಳಬೇಡಿ. ಗಂಡನೋ ಮಾವನೋ ಪಕ್ಕದಲ್ಲಿ ನಿಂತಿದ್ದರೆ ಹೆಣ್ಣುಮಕ್ಕಳು ಮಾತಾಡುವುದಿಲ್ಲ. ಪಕ್ಷಗಳ ಚಿಹ್ನೆ ಇರುವ ಮಾದರಿ ಮತಪತ್ರ ಕೊಟ್ಟು, ಅವರ ಕೈಯಿಂದಲೇ ಗುರುತು ಹಾಕಿಸಿ, ಮಡಚಿಸಿ, ಡಬ್ಬಿಗೆ ಹಾಕಿಸಿ.

2,400 ಎಂದರೂ ಒಂದೇ ಮತಗಟ್ಟೆಯವರ ಅಭಿಪ್ರಾಯ ಒಂದನ್ನೊಂದು ಹೋಲುವುದರಿಂದ ಅದನ್ನು 1,200ರಷ್ಟೇ ಎಂದು ಹಿಡಿಯುತ್ತೇನೆ. ಆಗ ದೋಷದ ಅಂತರ, ಅಂದರೆ ನಮ್ಮ ಅಂಕಿಗಿಂತ ನಿಜವಾದ ಪ್ರಮಾಣ ಮೇಲೆ ಅಥವಾ ಕೆಳಗೆ ಇರಬಹುದಾದಷ್ಟು, ಹೆಚ್ಚುಕಡಿಮೆ 2.8 ಶೇಕಡಾಂಶ. ಎರಡು ಪಕ್ಷಗಳ ನಡುವಿನ ಅಂತರಕ್ಕೆ ಅದು ಇನ್ನೂ ಹಿಗ್ಗುತ್ತದೆ. ನಗರ–ಗ್ರಾಮ, ಗಂಡು–ಹೆಣ್ಣು, ಪರಿಶಿಷ್ಟರ ಪ್ರಮಾಣ ಜನಗಣತಿಗೆ ಹೊಂದುವಂತೆ ತೂಕ ಕೊಡುತ್ತೇನೆ, ಅಂದರೆ ಕಡಿಮೆ ಸಿಕ್ಕವರ ಉತ್ತರವನ್ನು ಹೆಚ್ಚಾಗಿ, ಹೆಚ್ಚು ಸಿಕ್ಕವರದ್ದನ್ನು ಕಡಿಮೆಯಾಗಿ ಎಣಿಸುತ್ತೇನೆ. 2011ರಲ್ಲಿ ಪರಿಶಿಷ್ಟ ಜಾತಿಯವರು ಸುಮಾರು ಶೇ 17, ಪರಿಶಿಷ್ಟ ಪಂಗಡದವರು ಸುಮಾರು ಶೇ 7. ಕಳೆದ ಸಲ ಯಾರಿಗೆ ಹಾಕಿದ್ದಿರಿ ಎಂಬುದರ ಉತ್ತರ ಹಿಡಿದು ಮಾತ್ರ ತೂಕ ಕೊಡುವುದಿಲ್ಲ. ಗೆದ್ದವರಿಗೇ ಹಾಕಿದ್ದೆವು ಎಂದು ಹೇಳುವವರು ಬಹಳ.

ಮತಪ್ರಮಾಣ ಸರಿಯಾಗಿ ಸಿಕ್ಕರೂ ಸೀಟು ತಪ್ಪಬಹುದು. 2018ರಲ್ಲಿ ಕಾಂಗ್ರೆಸ್‌ಗೆ ಶೇ 38, ಬಿಜೆಪಿಗೆ ಶೇ 36. ಸೀಟು ಮಾತ್ರ ಬಿಜೆಪಿಗೆ 104, ಕಾಂಗ್ರೆಸ್‌ಗೆ 78. 2023ರಲ್ಲಿ ಬಿಜೆಪಿ ಮತ ಶೇ 36ರಲ್ಲೇ ನಿಂತಿತು, ಸೀಟು 66ಕ್ಕೆ ಇಳಿಯಿತು. ಅತಿಹೆಚ್ಚು ಮತ ಪಡೆದವರೇ ಗೆಲ್ಲುವ ನಮ್ಮ ಪದ್ಧತಿಯಲ್ಲಿ ಮತ ಎಲ್ಲಿ ಬಿತ್ತು, ಎದುರಾಳಿ ಮತ ಹೇಗೆ ಹಂಚಿತು ಎಂಬುದೇ ನಿರ್ಣಾಯಕ. ಈ ಎರಡು ಚುನಾವಣೆಗಳ ನಡುವೆ ಜೆಡಿಎಸ್ ಮತ ಶೇ 18ರಿಂದ 13ಕ್ಕೆ ಕುಸಿದದ್ದನ್ನು ಬಿಟ್ಟರೆ ಬಿಜೆಪಿ ಸೀಟು ಇಳಿದ ಲೆಕ್ಕ ಹೊಂದುವುದಿಲ್ಲ. ಅದಕ್ಕೇ ಕಳೆದ ಸಲಕ್ಕಿಂತ ಪಕ್ಷದ ಮತ ಇಡೀ ರಾಜ್ಯದಲ್ಲಿ ಒಂದೇ ಪ್ರಮಾಣದಲ್ಲಿ ಏರಿತು ಅಥವಾ ಇಳಿಯಿತು ಎಂದು ಹಿಡಿಯದೆ, ಹಳೆ ಮೈಸೂರು, ಕಲ್ಯಾಣ, ಕಿತ್ತೂರು, ಕರಾವಳಿ, ಮಧ್ಯ ಕರ್ನಾಟಕ, ಬೆಂಗಳೂರು ಎಂದು ಬೇರೆಬೇರೆ ಲೆಕ್ಕ ಹಾಕುತ್ತೇನೆ. ತ್ರಿಕೋನ ಸ್ಪರ್ಧೆಯ ಕ್ಷೇತ್ರಗಳದ್ದು ಇನ್ನೊಂದು ಹಾಳೆ. ಸೀಟಿಗೆ ಒಂದೇ ಅಂಕಿ ಕೊಡುವುದಿಲ್ಲ. ಕನಿಷ್ಠ, ಗರಿಷ್ಠ ಎರಡನ್ನೂ ಬರೆಯುತ್ತೇನೆ.