ಅಜ್ಜಿಯ ಕಾಲುಂಗುರ ಮತ್ತು ಬಿಪಿ ಮಾತ್ರೆ

ಮದ್ದೂರು ಕಡೆಯ ಒಂದು ಹಳ್ಳಿಯಲ್ಲಿ ನನ್ನದು ಚಿಕ್ಕ ಕ್ಲಿನಿಕ್. ಬರುವವರಲ್ಲಿ ಬಿಪಿ ಇರುವವರೇ ಜಾಸ್ತಿ. ಮೊದಲೆಲ್ಲ ಯಾರಾದರೂ ಮಾತ್ರೆ ಬಿಟ್ಟಿದ್ದಾರೆ ಅಂತ ಗೊತ್ತಾದರೆ ಬೈಯುತ್ತಿದ್ದೆ. ಲಕ್ವ ಹೊಡೆಯುತ್ತೆ, ಕಿಡ್ನಿ ಹೋಗುತ್ತೆ ಅಂತ ಹೆದರಿಸುತ್ತಿದ್ದೆ. ಅವರು ಹೂಂ ಅಂತ ತಲೆ ಆಡಿಸಿ ಹೋಗುತ್ತಿದ್ದರು.

ಒಬ್ಬ ಅಜ್ಜಿಗೆ ಅಮ್ಲೋಡಿಪಿನ್ ಅನ್ನೋ ಬಿಪಿ ಮಾತ್ರೆ 5 ಮಿಲಿಗ್ರಾಂನಲ್ಲಿ ಬಿಪಿ ಇಳಿಯಲಿಲ್ಲ ಅಂತ 10ಕ್ಕೆ ಏರಿಸಿದ್ದೆ. ಎರಡು ತಿಂಗಳ ಮೇಲೆ ಬಂದಾಗಲೂ 170/100. "ಮಾತ್ರೆ ತಗೋತಿದ್ದೀರಾ ಅಜ್ಜಿ?" ಅಂದೆ. "ಊ ಕಣವ್ವ, ದಿನಾ ತಗತಿನಿ" ಅಂದರು. ದುಡ್ಡು ಕೊಡೋಕೆ ಎಲೆ ಅಡಿಕೆ ಚೀಲ ಬಿಚ್ಚಿದಾಗ ಸುಣ್ಣದ ಡಬ್ಬಿ ಪಕ್ಕ ಮಿಕ್ಕಿದ್ದ ಮಾತ್ರೆಯ ಪಟ್ಟಿಗಳು ಕಂಡವು. ಒಂದೂ ಒಡೆದಿರಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಕಾಲು ಮುಂದೆ ಚಾಚಿದರು. ಎರಡನೇ ಬೆರಳಲ್ಲಿ ಉಂಗುರದ ಗುರುತು, ಬರೀ ಗುರುತು.

"ಕಾಲು ಊದ್ಕಂಡು ಉಂಗ್ರ ಬಿಗಿದೋಯ್ತು. ಆಚಾರಿ ತಾವ ಕತ್ತರ್ಸ್ದೆ. ಮನೆಯೋರು ಗಟ್ಟಿಯಾಗವ್ರೆ, ನಾನು ಉಂಗ್ರ ತಗೀಬೋದಾ ಯೋಳು? ಕಿಡ್ನಿ ಹೋದ್ರೆ ಕಾಲು ಊದ್ತದೆ ಅಂತ ನೀನೇ ಅಂದಿದ್ದಲ್ಲವ್ವ. ಅದ್ಕೇ ಬುಟ್ಬುಟ್ಟೆ."

ನಾನು ಹೆದರಿಸಿದ್ದೇ ಅವರು ಮಾತ್ರೆ ಬಿಡೋಕೆ ಕಾರಣ ಆಗಿತ್ತು. ಅಮ್ಲೋಡಿಪಿನ್ ಸಣ್ಣ ರಕ್ತನಾಳಗಳನ್ನು ಅಗಲ ಮಾಡುತ್ತೆ. ಅದರಿಂದ ಕೆಲವರಿಗೆ ಪಾದದ ಗಂಟಿನ ಸುತ್ತ ನೀರು ನಿಲ್ಲುತ್ತೆ. ಡೋಸ್ ಜಾಸ್ತಿ ಆದಷ್ಟೂ ಊತ ಬರೋ ಸಂಭವ ಜಾಸ್ತಿ. ಅದು ಕಿಡ್ನಿ ತೊಂದರೆಯ ಊತ ಅಲ್ಲ, ನೀರಿನ ಮಾತ್ರೆ (ಮೂತ್ರ ಜಾಸ್ತಿ ಮಾಡೋ ಮಾತ್ರೆ) ಕೊಟ್ಟರೂ ಅಷ್ಟಾಗಿ ಇಳಿಯಲ್ಲ. ಇದು ನನಗೆ ಗೊತ್ತಿತ್ತು. ಅಜ್ಜಿಗೆ ಒಂದು ಮಾತು ಹೇಳಿರಲಿಲ್ಲ, ಅಷ್ಟೇ. ಮೂತ್ರ ಪರೀಕ್ಷೆ, ಕಿಡ್ನಿ ಹೇಗಿದೆ ಅಂತ ತೋರಿಸೋ ಕ್ರಿಯಾಟಿನಿನ್ ಅನ್ನೋ ರಕ್ತ ಪರೀಕ್ಷೆ ಮಾಡಿಸಿ ಚೀಟಿ ಅವರ ಕೈಗೇ ಕೊಟ್ಟು, ಕಿಡ್ನಿ ಚೆನ್ನಾಗಿದೆ ಅಂದೆ. ಅಮ್ಲೋಡಿಪಿನ್ 5ಕ್ಕೆ ಇಳಿಸಿ, ಜೊತೆಗೆ ಟೆಲ್ಮಿಸಾರ್ಟಾನ್ 40 ಅನ್ನೋ ಇನ್ನೊಂದು ಬಿಪಿ ಮಾತ್ರೆ ಸೇರಿಸಿದೆ. ಈ ಜೋಡಿಯಲ್ಲಿ ಊತ ಕಮ್ಮಿ. ತಿಂಗಳ ಮೇಲೆ 138/84. ಕಾಲಲ್ಲಿ ಹೊಸ ಉಂಗುರ.

ಆಮೇಲೆ ನಾನು ಕೇಳೋ ರೀತಿ ಬದಲಾಯಿತು. "ತಗೋತಿದ್ದೀರಾ?" ಅಂದರೆ ಎಲ್ಲರೂ ಹೂಂ ಅಂತಾರೆ. "ಹೋದ ವಾರ ಎಷ್ಟು ದಿನ ತಪ್ಪಿತು? ಎಲ್ಲರಿಗೂ ತಪ್ಪುತ್ತೆ" ಅಂದರೆ ನಿಜ ಬರುತ್ತೆ. ಹೂವು ಮಾರುವ ಒಬ್ಬರು ವಾರಕ್ಕೆ ನಾಲ್ಕು ದಿನ ಅಂದರು. ಬೆಳಗಿನ ಜಾವದ ಬಸ್ಸಲ್ಲಿ ಮೈಸೂರಿನ ದೇವರಾಜ ಮಾರುಕಟ್ಟೆಗೆ ಹೋಗಬೇಕು. ನೀರಿನ ಮಾತ್ರೆ ನುಂಗಿದರೆ ದಾರಿಯಲ್ಲಿ ಎಲ್ಲಿ ಹೋಗೋದು? ಮನೆಗೆ ವಾಪಸ್ ಬಂದು ಊಟ ಆದಮೇಲೆ ತಗೊಳ್ಳಿ ಅಂದೆ. ಈಗ ಒಂದು ದಿನವೂ ತಪ್ಪಿಲ್ಲ.

ಆಲೆಮನೆಯಲ್ಲಿ ಕೆಲಸ ಮಾಡೋ ಒಬ್ಬರ ಒಣಕೆಮ್ಮಿಗೆ ಹೊಗೆಯೇ ಕಾರಣ ಅಂತ ಎರಡು ಸಲ ಸಿರಪ್ ಕೊಟ್ಟಿದ್ದೆ. ಕೆಲಸ ಇಲ್ಲದ ತಿಂಗಳಲ್ಲೂ ಕೆಮ್ಮು ನಿಲ್ಲಲಿಲ್ಲ ಅಂತ ಅವರ ಹೆಂಡತಿ ಹೇಳಿದಾಗ ಚೀಟಿ ನೋಡಿದೆ: ಎನಲಾಪ್ರಿಲ್, ಅದೂ ಬಿಪಿ ಮಾತ್ರೆಯೇ. ನೂರರಲ್ಲಿ ಸುಮಾರು ಹತ್ತು ಜನಕ್ಕೆ ಅದು ಕೆಮ್ಮು ತರುತ್ತೆ. ಮಾತ್ರೆ ಬದಲಿಸಿದೆ, ಮೂರು ವಾರದಲ್ಲಿ ಕೆಮ್ಮು ಹೋಯಿತು. ಎಷ್ಟು ರಾತ್ರಿ ನಿದ್ದೆ ಕೆಟ್ಟಿದ್ದರೋ ಪಾಪ.

ಈಗ ಹೊಸ ಮಾತ್ರೆ ಬರೆಯುವಾಗ ಏನೇನು ಆಗಬಹುದು ಅಂತ ಮೊದಲೇ ಹೇಳುತ್ತೇನೆ. ಹೇಳಿದರೆ ಹೆದರಿ ಬಿಟ್ಟುಬಿಡುತ್ತಾರೆ ಅಂತಾರೆ ಕೆಲವು ವೈದ್ಯರು. ನನ್ನ ಕ್ಲಿನಿಕ್ಕಲ್ಲಿ ಹಾಗಾಗಿಲ್ಲ. ಏನೇ ಆದರೂ ನೀವಾಗಿ ನಿಲ್ಲಿಸಬೇಡಿ, ಮೊದಲು ನನಗೆ ಫೋನ್ ಮಾಡಿ, ಅಂತ ಮಾತ್ರೆ ಕವರ್ ಮೇಲೆ ನಂಬರ್ ಬರೆದುಕೊಡುತ್ತೇನೆ. ಅಟೆನೊಲಾಲ್‌ನಂಥ ಬಿಪಿ ಮಾತ್ರೆಯನ್ನು ದಿಢೀರ್ ನಿಲ್ಲಿಸಿದರೆ ಹೃದಯಕ್ಕೇ ಅಪಾಯ.

ಹೋದ ತಿಂಗಳು ಗದ್ದೆಯಿಂದ ಒಬ್ಬರು ಫೋನ್ ಮಾಡಿದರು. ಎದ್ದರೆ ಕಣ್ಣು ಕತ್ತಲೆ ಬರುತ್ತೆ, ಎರಡು ದಿನದಿಂದ ಭೇದಿ ಅಂದರು. ಕರೆಸಿ, ನಿಲ್ಲಿಸಿ ಬಿಪಿ ನೋಡಿದೆ: 100/60. ಓಆರ್‌ಎಸ್ ಕೊಟ್ಟು, ಭೇದಿ ನಿಲ್ಲುವವರೆಗೆ ಟೆಲ್ಮಿಸಾರ್ಟಾನ್, ನೀರಿನ ಮಾತ್ರೆ ಎರಡೂ ಬೇಡ ಅಂದೆ. ಮೂರನೇ ದಿನ ಮತ್ತೆ ಅವರದೇ ಫೋನ್.

"ಡಾಕ್ಟ್ರಮ್ಮ, ಭೇದಿ ನಿಂತದೆ. ಮಾತ್ರೆ ಸುರು ಮಾಡ್ಲಾ?"