ತಂಬೂರಿ ಕೇಳಿಸಿ ಪ್ಲೇಯರ್ ಆರಿಸಿಕೊಂಡ ಬಗೆ

ಸಂಗೀತ ಕೇಳುವುದಕ್ಕೆಂದೇ ಪ್ರತ್ಯೇಕವಾದ ಪ್ಲೇಯರ್ ಬೇಕೆಂದು ನಾನು ನಿರ್ಧರಿಸಿದ್ದು ಧ್ವನಿಯ ಗುಣಮಟ್ಟವೊಂದಕ್ಕಾಗಿಯೇ ಅಲ್ಲ. ಆಲಾಪನೆಯ ನಡುವೆ ಬರುವ ಕರೆಗಳು, ಹೊಸ ಫೋನುಗಳಲ್ಲಿ ಕಾಣೆಯಾಗಿರುವ 3.5 ಮಿ.ಮೀ. ಜ್ಯಾಕ್, ಮನೆಗೆ ಮರಳುವ ಹೊತ್ತಿಗೆ ಬರಿದಾಗಿರುವ ಬ್ಯಾಟರಿ, ಇವೆಲ್ಲವೂ ಆ ನಿರ್ಧಾರದಲ್ಲಿ ಸೇರಿದ್ದವು. ಇವು ತೊಡಕೆನಿಸದವರು ಫೋನಿಗೆ ಸಿಕ್ಕಿಸುವ ಪುಟ್ಟ ಯುಎಸ್‌ಬಿ ಡ್ಯಾಕ್ (ಅಂಕಿಗಳ ರೂಪದ ಸಂಗೀತವನ್ನು ವಿದ್ಯುತ್ ಸಂಕೇತವಾಗಿಸುವ ಸಾಧನ, ಡಾಂಗಲ್ ಎಂದೂ ಕರೆಯುತ್ತಾರೆ) ಕೊಂಡರೆ ಸಾಕು. ಚೆನ್ನಾಗಿ ರೂಪಿಸಿದ ಡಾಂಗಲ್, ಧ್ವನಿಯ ಮಟ್ಟಿಗೆ, ಅದರ ಹಲವು ಪಟ್ಟು ಬೆಲೆಯ ಪ್ಲೇಯರ್‌ಗೆ ಸಾಟಿಯಾಗಿಯೇ ನಿಲ್ಲಬಲ್ಲದು.

ನಾನು ಕೇಳುವುದು ಹೆಚ್ಚಾಗಿ ಕರ್ನಾಟಕ ಸಂಗೀತದ ಕಚೇರಿಗಳನ್ನು, ದೊರೆಸ್ವಾಮಿ ಅಯ್ಯಂಗಾರರ ವೀಣೆಯನ್ನು, ಮಲ್ಲಿಕಾರ್ಜುನ ಮನ್ಸೂರರ ಖಯಾಲನ್ನು. ಇವುಗಳಲ್ಲಿ ಕೆಲವನ್ನು ಸಿಡಿಗಳಿಂದ ಇಳಿಸಿಕೊಂಡಿದ್ದೇನೆ, ಮತ್ತೆ ಕೆಲವು ಹಳೆಯ ಕ್ಯಾಸೆಟ್‌ಗಳಿಂದ ಬಂದವು. ಸಿಡಿಯ ಮಾದರಿ ದರ, ಅಂದರೆ ಧ್ವನಿಯನ್ನು ಸೆಕೆಂಡಿಗೆ ಎಷ್ಟು ಸಲ ಅಳೆದು ದಾಖಲಿಸಿದೆ ಎಂಬುದು, 44.1 ಕಿಲೋಹರ್ಟ್ಸ್. ಅದರ ಅರ್ಧದಷ್ಟು, ಎಂದರೆ 22 ಕಿಲೋಹರ್ಟ್ಸ್‌ವರೆಗಿನ ಧ್ವನಿಯನ್ನು ಹಿಡಿದಿಡಬಲ್ಲದು, ಆದರೆ ಮನುಷ್ಯನ ಕಿವಿ ಎಳೆಯ ವಯಸ್ಸಿನಲ್ಲಿಯೂ ಸುಮಾರು 20 ಕಿಲೋಹರ್ಟ್ಸ್‌ಗೆ ನಿಲ್ಲುತ್ತದೆ. ಅದರ 16 ಬಿಟ್‌ಗಳು ಕೊಡುವ ಸುಮಾರು 96 ಡೆಸಿಬೆಲ್‌ಗಳ ಅಂತರವೂ (ಅತಿ ಮೆಲ್ಲನೆಯ ಸದ್ದಿಗೂ ಅತಿ ಜೋರಿನ ಸದ್ದಿಗೂ ನಡುವಿನದು) ಯಾವ ಕಚೇರಿಗಾದರೂ ಧಾರಾಳವಾಯಿತು. ಕ್ಯಾಸೆಟ್ಟಿನ ಮುದ್ರಣದಲ್ಲಂತೂ ಟೇಪಿನ ಸದ್ದೇ ಬೆರೆತಿರುವಾಗ, ಪೆಟ್ಟಿಗೆಯ ಮೇಲೆ ಮುದ್ರಿಸಿರುವ 192 ಕಿಲೋಹರ್ಟ್ಸ್, 32 ಬಿಟ್ ಎಂಬ ಅಂಕಿಗಳಿಗೆ ಹಣ ತೆರುವುದರಲ್ಲಿ ಅರ್ಥ ಕಾಣಲಿಲ್ಲ. ಯಾವ ಕಂಪನಿಯ ಡ್ಯಾಕ್ ಚಿಪ್ ಒಳಗಿದೆ ಎಂಬುದಕ್ಕೂ ನಾನು ಹೆಚ್ಚು ಬೆಲೆ ಕೊಡಲಿಲ್ಲ, ಏಕೆಂದರೆ ಇಂದಿನ ಸಾಧಾರಣ ಚಿಪ್ಪುಗಳೂ ಈ ಕೆಲಸಕ್ಕೆ ಸಾಕಷ್ಟು ಸಮರ್ಥವಾಗಿವೆ. ವ್ಯತ್ಯಾಸ ಹುಟ್ಟುವುದು ಚಿಪ್ಪಿನ ಮುಂದಿರುವ ಆಂಪ್ಲಿಫೈಯರಿನಲ್ಲಿ, ಅದಕ್ಕೂ ಇಯರ್‌ಫೋನಿಗೂ ಇರುವ ಹೊಂದಾಣಿಕೆಯಲ್ಲಿ.

ಆ ಹೊಂದಾಣಿಕೆಯ ಮುಖ್ಯ ಸಂಗತಿ ಔಟ್‌ಪುಟ್ ಇಂಪೀಡೆನ್ಸ್, ಅಂದರೆ ಹೊರಹೋಗುವ ವಿದ್ಯುತ್ತಿಗೆ ಪ್ಲೇಯರ್ ತನ್ನೊಳಗೇ ಒಡ್ಡುವ ತಡೆ. ನನ್ನ ಇಯರ್‌ಫೋನು ಬ್ಯಾಲೆನ್ಸ್‌ಡ್ ಆರ್ಮೇಚರ್ ಎಂಬ ಹಲವು ಪುಟ್ಟ ಸ್ಪೀಕರುಗಳಿರುವಂಥದು. ಇಂಥವುಗಳ ಇಂಪೀಡೆನ್ಸ್ ಎಲ್ಲ ಸ್ವರಗಳಿಗೂ ಒಂದೇ ಆಗಿರುವುದಿಲ್ಲ. ಒಂದು ಆವರ್ತನದಲ್ಲಿ 8 ಓಮ್, ಇನ್ನೊಂದರಲ್ಲಿ 40 ಓಮ್ ಇರುವ ಇಯರ್‌ಫೋನನ್ನು 10 ಓಮ್ ಇಂಪೀಡೆನ್ಸಿನ ಪ್ಲೇಯರ್‌ಗೆ ಜೋಡಿಸಿದರೆ ಆ ಎರಡು ಆವರ್ತನಗಳ ನಡುವೆ ಸುಮಾರು 5 ಡೆಸಿಬೆಲ್ ಏರುಪೇರು ಉಂಟಾಗುತ್ತದೆ. ಮೃದಂಗದ ಎಡಭಾಗದ ತೂಕ ತಗ್ಗುವುದಕ್ಕೂ ವೀಣೆಯ ಮೀಟು ಅತಿಯಾಗಿ ಕುಕ್ಕುವುದಕ್ಕೂ ಇಷ್ಟು ಸಾಕು. ಅದೇ ಪ್ಲೇಯರ್‌ನ ಇಂಪೀಡೆನ್ಸ್ 1 ಓಮ್ ಆಗಿದ್ದರೆ ಏರುಪೇರು 1 ಡೆಸಿಬೆಲ್‌ಗಿಂತ ಕಡಿಮೆ.

ಹಲವು ತಯಾರಕರು ಈ ಅಂಕಿಯನ್ನು ಪ್ರಕಟಿಸುವುದೇ ಇಲ್ಲವಾದ್ದರಿಂದ ನಾನೇ ಅಳೆಯಬೇಕಾಯಿತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಎಸಿ ಮಿಲಿವೋಲ್ಟ್ ಅಳೆಯಬಲ್ಲ ಮಲ್ಟಿಮೀಟರ್, 33 ಓಮ್‌ನ ರೆಸಿಸ್ಟರ್, ಒಂದು ಬಿಡಿ ಜ್ಯಾಕ್ ಕೊಂಡೆ. ಪ್ಲೇಯರ್‌ನಲ್ಲಿ 100 ಹರ್ಟ್ಸ್‌ನ ಶುದ್ಧ ನಾದವನ್ನು ನುಡಿಸಿ ಮೊದಲು ರೆಸಿಸ್ಟರ್ ಇಲ್ಲದೆ, ಆಮೇಲೆ ಅದನ್ನು ಜೋಡಿಸಿ ವೋಲ್ಟೇಜ್ ಅಳೆಯಬೇಕು. ಅಗ್ಗದ ಮೀಟರ್‌ಗಳು ಹೆಚ್ಚಿನ ಆವರ್ತನದಲ್ಲಿ ತಪ್ಪು ತೋರಿಸುವುದುಂಟು, 100 ಹರ್ಟ್ಸ್ ಆರಿಸಿದ್ದು ಅದಕ್ಕಾಗಿ. ಮೊದಲ ಅಳತೆಯನ್ನು ಎರಡನೆಯದರಿಂದ ಭಾಗಿಸಿ, ಒಂದನ್ನು ಕಳೆದು, ಉಳಿದದ್ದನ್ನು 33ರಿಂದ ಗುಣಿಸಿದರೆ ಔಟ್‌ಪುಟ್ ಇಂಪೀಡೆನ್ಸ್ ದೊರೆಯುತ್ತದೆ: 300 ಮಿಲಿವೋಲ್ಟ್ 291ಕ್ಕೆ ಇಳಿದರೆ ಸುಮಾರು 1 ಓಮ್, 230ಕ್ಕೆ ಕುಸಿದರೆ ಸುಮಾರು 10 ಓಮ್. ಇಯರ್‌ಫೋನಿನ ಇಂಪೀಡೆನ್ಸಿನ ಎಂಟನೆಯ ಒಂದು ಪಾಲನ್ನು ಮೀರಬಾರದೆಂಬುದು ಬಲ್ಲವರು ಹೇಳುವ ಲೆಕ್ಕ. ಸ್ನೇಹಿತರಿಂದ ಎರವಲು ತಂದು ನೋಡಿದವುಗಳಲ್ಲಿ ಒಂದು ದುಬಾರಿ ಪ್ಲೇಯರ್ ಈ ಹಂತದಲ್ಲಿಯೇ ಹೊರಬಿತ್ತು.

ಅದೇ ಮೀಟರ್ ಇನ್ನೊಂದು ಕೆಲಸಕ್ಕೂ ಒದಗಿತು. ಎರಡು ಪ್ಲೇಯರ್‌ಗಳನ್ನು ಹೋಲಿಸುವಾಗ ಕೊಂಚವೇ ಜೋರಾಗಿರುವುದು ಹೆಚ್ಚು ಸ್ಪಷ್ಟವಾಗಿಯೂ ತುಂಬುಸ್ವರದ್ದಾಗಿಯೂ ಕೇಳಿಸುತ್ತದೆ. ಅಂಗಡಿಯಲ್ಲಿ ದುಬಾರಿ ಸಾಧನ ಗೆಲ್ಲುವುದು ಎಷ್ಟೋ ಸಲ ಹೀಗೆ. ಇಯರ್‌ಫೋನು ಜೋಡಿಸಿರುವಂತೆಯೇ ಎರಡರ ವೋಲ್ಟೇಜನ್ನೂ ಶೇ. 2ರ ಅಂತರದೊಳಗೆ ತಂದು, ಯಾವುದು ಯಾವುದೆಂದು ತಿಳಿಯದಂತೆ ಮನೆಯವರಿಂದ ಬದಲಾಯಿಸಿ ಕೇಳಿದಾಗ, ಇಂಪೀಡೆನ್ಸ್ ಕಡಿಮೆಯಿದ್ದ ಪ್ಲೇಯರ್‌ಗಳ ನಡುವೆ ನಾನು ಖಚಿತವಾಗಿ ಗುರುತಿಸಬಲ್ಲ ಭೇದ ಒಂದೇ ಒಂದು ಉಳಿಯಿತು. ಅದು ಹಿನ್ನೆಲೆಯ ಹಿಸ್ ಸದ್ದು. ತಂಬೂರಿಯೊಂದೇ ನುಡಿಯುತ್ತಿರುವ, ಗಾಯಕರು ಇನ್ನೂ ಸ್ವರ ಹಿಡಿಯದ ಕ್ಷಣಗಳಲ್ಲಿ ಇದು ಮರೆಯಾಗುವುದಿಲ್ಲ. ಪರೀಕ್ಷಿಸುವವರು ಪಾಸ್ ಗುಂಡಿ ಒತ್ತಿ ಕೇಳಿದರೆ ಸಾಲದು. ಕೆಲವು ಪ್ಲೇಯರ್‌ಗಳು ಆಗ ಆಂಪ್ಲಿಫೈಯರಿನ ಸದ್ದನ್ನೇ ಅಡಗಿಸಿಬಿಡುತ್ತವೆ. ಏನೂ ಮುದ್ರಿಸದ ಖಾಲಿ ಕಡತವನ್ನು ನುಡಿಸಿ ಕೇಳಬೇಕು, ಅದೂ ರಾತ್ರಿ, ಬೀದಿಯ ಸದ್ದು ಅಡಗಿದ ಮೇಲೆ. ಕಬ್ಬನ್ ಪಾರ್ಕ್‌ನಿಂದ ಮೆಜೆಸ್ಟಿಕ್‌ವರೆಗಿನ ಮೆಟ್ರೋ ಸುರಂಗದಲ್ಲಿ ಎಲ್ಲ ಪ್ಲೇಯರ್‌ಗಳೂ ಒಂದೇ. ಅಲ್ಲಿ ಬೇಕಾದದ್ದು ಕಿವಿಯನ್ನು ಸರಿಯಾಗಿ ಮುಚ್ಚುವ ಇಯರ್‌ಟಿಪ್.

ಶಕ್ತಿಯ ವಿಷಯ ಬೇಗ ಮುಗಿಯಿತು. 1 ಮಿಲಿವ್ಯಾಟ್‌ಗೆ 105 ಡೆಸಿಬೆಲ್ ಕೊಡುವ ಇಯರ್‌ಫೋನಿಗೆ ಸರಾಸರಿ 75 ಡೆಸಿಬೆಲ್ ಮಟ್ಟದಲ್ಲಿ ಕೇಳಲು ಮಿಲಿವ್ಯಾಟಿನ ಸಾವಿರದಲ್ಲಿ ಒಂದು ಪಾಲು ಸಾಕು. 300 ಓಮ್‌ನ ದೊಡ್ಡ ಹೆಡ್‌ಫೋನ್ ಇಲ್ಲದವರಿಗೆ ಹೆಚ್ಚು ಶಕ್ತಿ ಕೊಡುವ 4.4 ಮಿ.ಮೀ. ಬ್ಯಾಲೆನ್ಸ್‌ಡ್ ಜ್ಯಾಕಿನ ಅಗತ್ಯವಿಲ್ಲ.

ಧ್ವನಿಯಷ್ಟೇ ಮುಖ್ಯವಾಗಿ ನಾನು ನೋಡಿದ್ದು ಎರಡು ವಿಷಯಗಳನ್ನು. ರಾಗ, ತಾನ, ಪಲ್ಲವಿಯನ್ನು ಸಿಡಿಯಲ್ಲಿ ಬೇರೆ ಬೇರೆ ಟ್ರ್ಯಾಕ್‌ಗಳಾಗಿ ಕತ್ತರಿಸಿರುತ್ತಾರೆ. ಪಲ್ಲವಿಯಿಂದ ತನಿ ಆವರ್ತನಕ್ಕೆ (ತಾಳವಾದ್ಯಗಳ ಸರದಿಗೆ) ಹೊರಳುವಲ್ಲಿ ಪ್ಲೇಯರ್ ಅರೆಕ್ಷಣ ತಡವರಿಸಿದರೂ ತಾಳ ತಪ್ಪುತ್ತದೆ. ಎಂಪಿ3 ಕಡತಗಳ ತುದಿಗಳಲ್ಲಿ ಎನ್‌ಕೋಡರ್ ಖಾಲಿ ಜಾಗ ಸೇರಿಸುವುದರಿಂದ ನಾನು ಎಲ್ಲವನ್ನೂ ಧ್ವನಿಯಲ್ಲಿ ಏನೂ ಕಳೆದುಕೊಳ್ಳದ ಫ್ಲ್ಯಾಕ್ ಕಡತಗಳಲ್ಲಿ ಇಟ್ಟುಕೊಂಡಿದ್ದೇನೆ, ಆದರೂ ಪ್ಲೇಯರ್‌ಗೆ ಗ್ಯಾಪ್‌ಲೆಸ್ ಸಾಮರ್ಥ್ಯ, ಅಂದರೆ ಟ್ರ್ಯಾಕ್‌ಗಳ ನಡುವೆ ತೆರಪಿಲ್ಲದೆ ನುಡಿಸುವ ಶಕ್ತಿ, ಇರಲೇಬೇಕು. ಎರಡನೆಯದು ಕನ್ನಡ ಲಿಪಿ. ತಮ್ಮದೇ ಪುಟ್ಟ ತಂತ್ರಾಂಶವಿರುವ ಕೆಲವು ಪ್ಲೇಯರ್‌ಗಳು ಒತ್ತಕ್ಷರವನ್ನು ಕೂಡಿಸಲಾರದೆ ಮಧ್ಯಮಾವತಿಯನ್ನು 'ಮಧ್‌ಯಮಾವತಿ' ಎಂದು ತೋರಿಸಿದವು, ಇನ್ನು ಕೆಲವು ಬರೀ ಚೌಕಗಳನ್ನು. ಆಂಡ್ರಾಯ್ಡ್ ಇರುವವುಗಳಲ್ಲಿ ಈ ತೊಂದರೆಯಿಲ್ಲ, ಆದರೆ ಅವು ಸುಮ್ಮನಿದ್ದರೂ ಬ್ಯಾಟರಿ ತಿನ್ನುತ್ತವೆ. ಲಿಪಿಯನ್ನು ಬಿಟ್ಟುಕೊಡಲು ಮನಸ್ಸಾಗದೆ, ಹಿಸ್ ಅತಿ ಕಡಿಮೆಯಿದ್ದ, 1 ಓಮ್‌ಗಿಂತ ಕೆಳಗಿನ ಇಂಪೀಡೆನ್ಸಿನ, ಮಧ್ಯಮ ಬೆಲೆಯ ಆಂಡ್ರಾಯ್ಡ್ ಪ್ಲೇಯರನ್ನೇ ಕೊಂಡು ಅದರ ವೈಫೈಯನ್ನು ಆಫ್ ಮಾಡಿಟ್ಟೆ. ಈಗ ರಾಗದ ಹೆಸರನ್ನು ಪ್ರಕಾರದ ಟ್ಯಾಗ್‌ನಲ್ಲೂ ವಾಗ್ಗೇಯಕಾರರ ಹೆಸರನ್ನು ಸಂಯೋಜಕರ ಟ್ಯಾಗ್‌ನಲ್ಲೂ ಕನ್ನಡದಲ್ಲೇ ತುಂಬಿದ್ದೇನೆ.

ಸಿಡಿ ಗುಣಮಟ್ಟದ ಫ್ಲ್ಯಾಕ್ ಗಂಟೆಗೆ 300ರಿಂದ 400 ಎಂಬಿ ಬೇಡುವುದರಿಂದ 256 ಜಿಬಿಯ ಮೈಕ್ರೋಎಸ್‌ಡಿ ಕಾರ್ಡಿನಲ್ಲಿ 600 ಗಂಟೆಗೂ ಹೆಚ್ಚು ಸಂಗೀತ ಹಿಡಿಸುತ್ತದೆ. ನಕಲಿ ಕಾರ್ಡುಗಳು ಇಲ್ಲದ ಸಾಮರ್ಥ್ಯವನ್ನು ಇದೆಯೆಂದು ತೋರಿಸುವುದರಿಂದ, ಕೊಂಡ ದಿನವೇ ಅದನ್ನು ಕಂಪ್ಯೂಟರಿಗೆ ಹಾಕಿ ಪೂರ್ತಿ ತುಂಬಿಸಿ, ಮರಳಿ ಓದಿಸಿ ತಾಳೆ ನೋಡಿದ ಮೇಲಷ್ಟೇ ಹಾಡುಗಳನ್ನು ನಕಲು ಮಾಡಿದೆ.