ಕೃತ್ಯ ಹಳೆಯದು, ಕಾನೂನು ಹೊಸದು: ಯಾವ ಕಲಂ ಅನ್ವಯಿಸುತ್ತದೆ?

ಎಫ್‌ಐಆರ್ ಪ್ರತಿ ಕೈಗೆ ಬಂದ ಕೂಡಲೇ ಕಲಂ ನೋಡುವ ಮೊದಲು ಕೃತ್ಯ ನಡೆದ ದಿನಾಂಕ ನೋಡಿ. ದೂರು ಕೊಟ್ಟ ದಿನ, ಬಂಧಿಸಿದ ದಿನ ಇಲ್ಲಿ ಲೆಕ್ಕಕ್ಕಿಲ್ಲ. ಕೃತ್ಯದ ಹೊತ್ತಿಗೆ ಜಾರಿಯಲ್ಲಿದ್ದ ಕಾನೂನನ್ನು ಮುರಿದಿದ್ದರೆ ಮಾತ್ರ ಶಿಕ್ಷೆ, ಅದೂ ಆಗ ವಿಧಿಸಬಹುದಾಗಿದ್ದಕ್ಕಿಂತ ಹೆಚ್ಚಿಲ್ಲ: ಇದು ಸಂವಿಧಾನದ 20(1)ನೇ ವಿಧಿ.

ಐಪಿಸಿಯ (ಭಾರತೀಯ ದಂಡ ಸಂಹಿತೆ) ಬದಲಿಗೆ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದದ್ದು 2024ರ ಜುಲೈ 1ರಂದು. ಅದಕ್ಕೆ ಹಿಂದಿನ ಕೃತ್ಯಕ್ಕೆ ಐಪಿಸಿಯೇ ಅನ್ವಯ. ಐಪಿಸಿ ರದ್ದಾದ ಮಾತ್ರಕ್ಕೆ ಕೇಸು ಬಿದ್ದುಹೋಗುವುದಿಲ್ಲ. ಹೊಸ ಸಂಹಿತೆಯ 358ನೇ ಕಲಂ ಹಳೆಯ ಹೊಣೆಯನ್ನು ಉಳಿಸಿದೆ. ಸಂಖ್ಯೆಗಳನ್ನೂ ಬೆರೆಸಬೇಡಿ: ಐಪಿಸಿ 302 ಕೊಲೆ, ಹೊಸ ಸಂಹಿತೆಯಲ್ಲಿ 302 ಎಂದರೆ ಧಾರ್ಮಿಕ ಭಾವನೆ ನೋಯಿಸುವ ಮಾತು. ಕೊಲೆಗೆ ಈಗ 103.

ಹೆಚ್ಚು ಎಚ್ಚರ ಬೇಕಾದದ್ದು ನಿರ್ಲಕ್ಷ್ಯದಿಂದಾದ ಸಾವಿನ ಪ್ರಕರಣಗಳಲ್ಲಿ. ಐಪಿಸಿ 304ಎ ಅಡಿ ಗರಿಷ್ಠ 2 ವರ್ಷ ಜೈಲು. ಹೊಸ 106(1)ರಲ್ಲಿ ವೈದ್ಯರನ್ನು ಬಿಟ್ಟು ಉಳಿದವರಿಗೆ 5 ವರ್ಷದವರೆಗೆ. 2024ರ ಜೂನ್ 28ರಂದು ಅಪಘಾತವಾಗಿ ಗಾಯಾಳು ಜುಲೈ 4ರಂದು ತೀರಿಕೊಂಡರೆ? 20(1)ನೇ ವಿಧಿಯ ಮಾತು ಕೃತ್ಯದ ಸಮಯದ ಬಗ್ಗೆ. ಅಜಾಗರೂಕ ಚಾಲನೆ ಜೂನ್‌ನಲ್ಲೇ ಮುಗಿದಿತ್ತು. ಆದ್ದರಿಂದ 106 ಹಾಕಿದ್ದರೆ ದೋಷಾರೋಪ ಹೊರಿಸುವ ಹಂತದಲ್ಲೇ ಲಿಖಿತ ಆಕ್ಷೇಪ ಸಲ್ಲಿಸಬೇಕು. ತೀರ್ಪಿನವರೆಗೆ ಕಾಯುವುದು ತಪ್ಪು. ಅಕ್ರಮವಾಗಿ ಕೂಡಿಹಾಕುವಂಥ ಮುಂದುವರಿಯುವ ಅಪರಾಧದ ಮಾತು ಬೇರೆ. ಜುಲೈ 1ರ ನಂತರವೂ ನಡೆದ ಭಾಗಕ್ಕೆ ಹೊಸ ಕಾನೂನು ತಗಲುತ್ತದೆ.

ಸಂಸತ್ತು ಅಂಗೀಕರಿಸಿತೆಂದರೆ ಜಾರಿಗೆ ಬಂತೆಂದಲ್ಲ. ಡಿಕ್ಕಿ ಹೊಡೆದು ಪರಾರಿಯಾದವರಿಗೆ 10 ವರ್ಷದವರೆಗೆ ಶಿಕ್ಷೆ ಹೇಳುವ 106(2) ಉಳಿದ ಕಲಂಗಳೊಂದಿಗೆ ಜಾರಿಯಾಗಲಿಲ್ಲ. ಕೇಂದ್ರದ ಗೆಜೆಟ್ ಅಧಿಸೂಚನೆ ಓದಲೇಬೇಕು.

ಈ ರಕ್ಷಣೆ ಅಪರಾಧ ಮತ್ತು ಶಿಕ್ಷೆಗೆ, ವಿಚಾರಣಾ ಕ್ರಮಕ್ಕಲ್ಲ. ಹಳೆಯ ಕೃತ್ಯಕ್ಕೆ ಜುಲೈ 1ರ ನಂತರ ಎಫ್‌ಐಆರ್ ಆದರೆ ಕಲಂ ಐಪಿಸಿಯದು, ಕ್ರಮ ಸಿಆರ್‌ಪಿಸಿಯ (ಹಳೆಯ ದಂಡ ಪ್ರಕ್ರಿಯಾ ಸಂಹಿತೆ) ಬದಲಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯದು. ತನಿಖೆ, ವಿಚಾರಣೆ ಅಥವಾ ಮೇಲ್ಮನವಿ ಆ ದಿನಕ್ಕೆ ಮೊದಲೇ ಬಾಕಿ ಇದ್ದರೆ ಸುರಕ್ಷಾ ಸಂಹಿತೆಯ 531ನೇ ಕಲಂ ಪ್ರಕಾರ ಸಿಆರ್‌ಪಿಸಿಯೇ ಮುಂದುವರಿಯುತ್ತದೆ.

ಹೊಸ ಕಾನೂನು ಮೃದುವಾಗಿದ್ದರೆ ಕೇಳಲು ಹಿಂಜರಿಯಬೇಡಿ. ಹಳೆಯ ಕೃತ್ಯಕ್ಕೂ ಅಂಥ ಲಾಭ ಕೊಡಬಹುದೆಂದು ರತನ್ ಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 5,000 ರೂಪಾಯಿಗಿಂತ ಕಡಿಮೆ ಮೌಲ್ಯದ ಮೊದಲ ಕಳವಿಗೆ, ವಸ್ತು ಹಿಂದಿರುಗಿಸಿದ್ದರೆ, ಹೊಸ 303(2)ರಲ್ಲಿ ಸಮುದಾಯ ಸೇವೆಯ ಶಿಕ್ಷೆ ಇದೆ. 2024ರ ಜೂನ್‌ನ ಕಳವಿಗೂ ಅದನ್ನು ಕೋರಿ ಅರ್ಜಿ ಹಾಕಿ, ಜೊತೆಗೆ ವಸ್ತು ಮರಳಿಸಿದ್ದಕ್ಕೆ ದಾಖಲೆ ಇಡಿ.